ಅತಿಥಿ–ಆತಿಥೇಯರ ಸ್ನೇಹ: ಅಢಾವೆ ಪತ್ರಿಕೆಯಲ್ಲಿ ಕಾಣದ ಬಂಡವಾಳ

ಹೋಮ್‌ಸ್ಟೇ ಎಂಬ ಪದ ಇಂದು ಕನ್ನಡಿಗರೆಲ್ಲರಿಗೂ ಪರಿಚಿತ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಶಿರಸಿ ಮುಂತಾದ ಕಡೆಗಳಲ್ಲಿ ತೋಟದ ಮನೆಯ ಎರಡು–ಮೂರು ಕೊಠಡಿಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು, ಮನೆಯ ಊಟವನ್ನೇ ಬಡಿಸಿ ಆದಾಯ ಗಳಿಸುವ ಕುಟುಂಬಗಳು ಬಹಳಷ್ಟಿವೆ. ಈ ಉದ್ಯಮದ ಪರವಾನಗಿ, ಸಾಲ, ಪ್ರಚಾರ ಮೊದಲಾದ ವಿಷಯಗಳ ಮೇಲೆ ಸಾಕಷ್ಟು ಮಾಹಿತಿ ದೊರೆಯುತ್ತದೆ. ಆದರೆ ಇದರ ನಿಜವಾದ ಆಧಾರಸ್ತಂಭವಾದ ಒಂದು ಸಂಗತಿಯ ಬಗ್ಗೆ ವಾಣಿಜ್ಯ ದೃಷ್ಟಿಯಿಂದ ಯೋಚಿಸಿದವರು ಕಡಿಮೆ. ಒಮ್ಮೆ ಹಣ ಕೊಟ್ಟು ಉಳಿದುಹೋದ ಅತಿಥಿ ವರ್ಷ ವರ್ಷವೂ ಮರಳಿ ಬಂದು, ಕ್ರಮೇಣ ಮನೆಯ ಸ್ನೇಹಿತನಾಗುವುದೇ ಆ ಸಂಗತಿ. ಈ ಸ್ನೇಹಕ್ಕೆ ಬೆಲೆಯುಂಟೇ? ಇದ್ದರೆ ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಬಿಲ್ಲು, ತೆರಿಗೆ, ಉಡುಗೊರೆಗಳ ವಿಷಯದಲ್ಲಿ ಯಾವ ಎಚ್ಚರ ಅಗತ್ಯ? ಇವುಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ಅತಿಥಿ ಎಂಬ ಪದಕ್ಕೆ ತಿಥಿಯನ್ನು ಗೊತ್ತುಮಾಡದೆ ಬರುವವನು ಎಂಬುದು ಸಾಂಪ್ರದಾಯಿಕ ಅರ್ಥ. ಹೋಮ್‌ಸ್ಟೇ ಅತಿಥಿಯಾದರೋ ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಮುಂಗಡ ಹಣವನ್ನೂ ಕಳುಹಿಸಿ ಬರುತ್ತಾನೆ. ಹಾಗಿದ್ದರೂ ಹಳೆಯ ಆತಿಥ್ಯದ ಸಂಸ್ಕಾರವೇ ಈ ಉದ್ಯಮಕ್ಕೆ ಬುನಾದಿ ಎನ್ನಲಡ್ಡಿಯಿಲ್ಲ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ದೂರ ಹೆಚ್ಚು. ಮಳೆಗಾಲದಲ್ಲಿ ಸಂಚಾರ ಕಷ್ಟ. ಸಂಜೆ ಬಂದವರನ್ನು ಉಳಿಸಿಕೊಂಡು ಬೆಳಿಗ್ಗೆ ಕಳುಹಿಸುವುದು ಅಲ್ಲಿನ ಮನೆಗಳ ವಾಡಿಕೆ.

ಈ ವಾಡಿಕೆ ಉದ್ಯಮವಾದುದಕ್ಕೆ ಆರ್ಥಿಕ ಕಾರಣವಿದೆ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಕುಸಿದುಬಿತ್ತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಹಂತಹಂತವಾಗಿ ಕೊನೆಗೊಂಡು, ಬೆಳೆಗಾರರು ನೇರವಾಗಿ ಮಾರುಕಟ್ಟೆಯ ಏರಿಳಿತಕ್ಕೆ ಒಡ್ಡಿಕೊಂಡರು. 2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ತೀರಾ ಕುಸಿದಾಗ, ತೋಟದ ಖರ್ಚು ತೂಗಿಸಲು ಹಲವು ಕುಟುಂಬಗಳು ಮನೆಯ ಕೊಠಡಿಗಳನ್ನು ಪ್ರವಾಸಿಗರಿಗೆ ತೆರೆದವು. ಇಂದು ಇದು ಸರ್ಕಾರದ ಗಮನವನ್ನೂ ಸೆಳೆದಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ ಒಂದರಿಂದ ಆರು ಕೊಠಡಿಗಳವರೆಗಿನ, ಮಾಲೀಕರೇ ವಾಸವಾಗಿರುವ ಮನೆಗಳಿಗೆ ಮಾನ್ಯತೆ ದೊರೆಯುತ್ತದೆ. 2025ರ ಕೇಂದ್ರ ಮುಂಗಡಪತ್ರದಲ್ಲಿ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲ ನೀಡುವ ಘೋಷಣೆಯೂ ಆಯಿತು.

ಮಾಲೀಕರು ಅದೇ ಮನೆಯಲ್ಲಿ ವಾಸವಾಗಿರಬೇಕೆಂಬ ನಿಯಮ ಗಮನಾರ್ಹ. ಹೋಟೆಲಿಗೂ ಹೋಮ್‌ಸ್ಟೇಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ.

ಸ್ನೇಹ ಬೆಳೆಯುವ ಬಗೆ

ಹೋಟೆಲಿನಲ್ಲಿ ಗ್ರಾಹಕನು ಕೊಠಡಿಯ ಸಂಖ್ಯೆ. ಹೋಮ್‌ಸ್ಟೇಯಲ್ಲಿ ಅವನು ಮನೆಯವರು ಕುಳಿತುಕೊಳ್ಳುವ ಮೇಜಿನಲ್ಲೇ ಕುಳಿತು ಊಟ ಮಾಡುತ್ತಾನೆ. ಕೊಡಗಿನಲ್ಲಾದರೆ ಕಡಂಬುಟ್ಟು–ಪಂದಿ ಕರಿ, ಶಿರಸಿಯ ಕಡೆಯಾದರೆ ತಂಬುಳಿ–ಅಪ್ಪೆಹುಳಿ. ಯಾವುದಾದರೂ ಅದು ಅಂದು ಆ ಮನೆಯಲ್ಲಿ ಮಾಡಿದ ಅಡಿಗೆ. ಬಡಿಸುವವರು ಮನೆಯ ಯಜಮಾನಿ. ಬೆಳಿಗ್ಗೆ ತೋಟಕ್ಕೆ ಕರೆದೊಯ್ದು ಅರೇಬಿಕಾ–ರೊಬಸ್ಟಾ ವ್ಯತ್ಯಾಸ ತೋರಿಸುವವರು ಯಜಮಾನರು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲಾ ಬೆಳ್ಳಗೆ ಅರಳುವುದು ಕೆಲವೇ ದಿನ. ಅದನ್ನು ನೋಡಬೇಕೆಂದು ನಗರದ ಅತಿಥಿ ಆಸೆಪಟ್ಟಿದ್ದರೆ, ಮಳೆ ಬಿದ್ದ ಮರುದಿನ ಅವನಿಗೆ ಫೋನ್ ಮಾಡುವವರು ಈ ಮನೆಯವರೇ. ಇಂತಹ ಒಂದು ಫೋನ್ ಕರೆ ಯಾವ ಜಾಹೀರಾತಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ಸಂಬಂಧದ ಸ್ವರೂಪ ಬದಲಾಗುತ್ತದೆ. ಅತಿಥಿಯ ಮಕ್ಕಳು ಮನೆಯೊಡತಿಯನ್ನು ಆಂಟಿ ಎಂದೋ ಅಜ್ಜಿ ಎಂದೋ ಕರೆಯತೊಡಗುತ್ತಾರೆ. ಆತಿಥೇಯರ ಮಗ ಕಾಲೇಜಿಗೆಂದು ಬೆಂಗಳೂರಿಗೆ ಹೋದಾಗ ಹಾಸ್ಟೆಲು ಸಿಗುವವರೆಗೆ ಈ ಅತಿಥಿಯ ಮನೆಯಲ್ಲೇ ಉಳಿಯುತ್ತಾನೆ. ಮನೆಯ ಹಿರಿಯರಿಗೆ ಕಾಯಿಲೆಯಾದಾಗ ನಗರದ ಆಸ್ಪತ್ರೆಯಲ್ಲಿ ಯಾವ ವೈದ್ಯರನ್ನು ನೋಡಬೇಕೆಂದು ತಿಳಿಸುವವರೂ ಇವರೇ. ಅತ್ತ ಪುತ್ತರಿ ಹಬ್ಬಕ್ಕೆ ಆಹ್ವಾನ ಹೋಗುತ್ತದೆ. ಕರಿಮೆಣಸು, ಜೇನು, ಕಾಫಿ ಪುಡಿಯ ಪಾರ್ಸೆಲ್ ಹೋಗುತ್ತದೆ. ಹೀಗೆ ಕೊಡುವವರು–ಪಡೆಯುವವರು ಯಾರೆಂಬುದು ಅದಲುಬದಲಾಗುತ್ತಿರುವುದೇ ಈ ಸ್ನೇಹ ಬಾಳುವ ರಹಸ್ಯ.

ಲೆಕ್ಕಶಾಸ್ತ್ರ ಏನನ್ನುತ್ತದೆ?

ವಾಣಿಜ್ಯ ವಿದ್ಯಾರ್ಥಿಗಳೆಲ್ಲರೂ ಕೀರ್ತಿಮೌಲ್ಯ, ಅಂದರೆ ಗುಡ್‌ವಿಲ್ ಎಂಬ ಅಧ್ಯಾಯವನ್ನು ಓದಿರುತ್ತಾರೆ. 1810ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಎಲ್ಡನ್ ಅವರು ಒಂದು ಪ್ರಕರಣದಲ್ಲಿ ಇದಕ್ಕೆ ನೀಡಿದ ವಿವರಣೆ ಪ್ರಸಿದ್ಧವಾದುದು. ಹಳೆಯ ಗಿರಾಕಿಗಳು ಹಳೆಯ ಸ್ಥಳಕ್ಕೇ ಮತ್ತೆ ಬರುವ ಸಂಭವವೇ ಕೀರ್ತಿಮೌಲ್ಯ ಎಂಬುದು ಅದರ ಸಾರಾಂಶ. ಹೋಮ್‌ಸ್ಟೇಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ವಿವರಣೆ ಇನ್ನೊಂದಿಲ್ಲ.

ಆದರೆ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿಕೊಂಡ ಕೀರ್ತಿಮೌಲ್ಯವನ್ನು ಆಸ್ತಿಯೆಂದು ಪುಸ್ತಕದಲ್ಲಿ ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡದ್ದಾದರೆ ಮಾತ್ರ ತೋರಿಸಬಹುದು. ಹಾಗಾಗಿ 20 ವರ್ಷದ ಸ್ನೇಹ ಅಢಾವೆ ಪತ್ರಿಕೆಯಲ್ಲಿ ಶೂನ್ಯ. ಮಂಚ, ಹಾಸಿಗೆ, ಗೀಸರ್‌ಗಳು ಆಸ್ತಿ. ಅತಿಥಿಯನ್ನು ಮತ್ತೆ ಕರೆತರುವ ಬಾಂಧವ್ಯ ಆಸ್ತಿಯಲ್ಲ.

ಈ ಸಂದರ್ಭದಲ್ಲಿ ನಮ್ಮ ರಾಜ್ಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣವನ್ನು ಉದ್ಯಮಿಗಳು ತಿಳಿದಿರಬೇಕು. ಅಗರಬತ್ತಿ ತಯಾರಿಸುತ್ತಿದ್ದ ಪಾಲುದಾರಿಕೆ ಸಂಸ್ಥೆಯೊಂದು ತನ್ನ ವ್ಯವಹಾರವನ್ನು ಕೀರ್ತಿಮೌಲ್ಯ ಸಹಿತ ಮಾರಿತು. ಅದರ ಮೇಲೆ ಬಂಡವಾಳ ಲಾಭದ ತೆರಿಗೆ ಬರುವುದೇ ಎಂಬುದು ಪ್ರಶ್ನೆ. ಹೊಸ ವ್ಯವಹಾರದಲ್ಲಿ ತಾನಾಗಿ ಬೆಳೆದ ಕೀರ್ತಿಮೌಲ್ಯಕ್ಕೆ ಕೊಂಡ ಬೆಲೆ ಎಂಬುದೇ ಇಲ್ಲ, ಆದುದರಿಂದ ಲಾಭವನ್ನು ಲೆಕ್ಕ ಹಾಕಲು ಬಾರದು ಎಂದು ನ್ಯಾಯಾಲಯ 1981ರಲ್ಲಿ ತೀರ್ಪು ನೀಡಿತು. ತರುವಾಯ 1987ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಕೊಂಡ ಬೆಲೆಯನ್ನು ಸೊನ್ನೆ ಎಂದು ಪರಿಗಣಿಸಿ ತೆರಿಗೆ ವಿಧಿಸಲು ಅವಕಾಶವಾಯಿತು. ಗಳಿಸುವಾಗ ಪುಸ್ತಕದಲ್ಲಿ ಕಾಣದಿದ್ದರೂ ಮಾರುವಾಗ ಬೆಲೆ ಬರುವ ವಸ್ತು ಇದು ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಬೆಕ್ಕು, ನಾಯಿ ಮತ್ತು ಇಲಿ

ಕೀರ್ತಿಮೌಲ್ಯದ ವಿಧಗಳನ್ನು 1934ರ ಇನ್ನೊಂದು ಇಂಗ್ಲಿಷ್ ತೀರ್ಪಿನಲ್ಲಿ ಪ್ರಾಣಿಗಳಿಗೆ ಹೋಲಿಸಲಾಯಿತು. ನಮ್ಮ ಬಿ.ಕಾಂ. ತರಗತಿಗಳಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಪಾಠವಿದು. ಬೆಕ್ಕು ಮನೆಗೆ ಅಂಟಿಕೊಳ್ಳುತ್ತದೆ, ಯಜಮಾನ ಬದಲಾದರೂ ಅಲ್ಲಿಯೇ ಇರುತ್ತದೆ. ನಾಯಿ ಯಜಮಾನನನ್ನು ಹಿಂಬಾಲಿಸುತ್ತದೆ. ಇಲಿಗೆ ಮನೆಯೂ ಬೇಡ, ಯಜಮಾನನೂ ಬೇಡ.

ಹೋಮ್‌ಸ್ಟೇಗೆ ಇದನ್ನು ಅನ್ವಯಿಸಿ ನೋಡೋಣ. ಜಲಪಾತ ಹತ್ತಿರವಿದೆ, ನೋಟ ಚೆನ್ನಾಗಿದೆ ಎಂದು ಬರುವವರು ಮೊದಲನೆಯ ವರ್ಗ. ಮಾಲೀಕರು ಯಾರಾದರೂ ಅವರಿಗೆ ಚಿಂತೆಯಿಲ್ಲ. ರಿಯಾಯಿತಿ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗುವವರು ಮೂರನೆಯ ವರ್ಗ. ಸ್ನೇಹಿತನಾದ ಅತಿಥಿ ಎರಡನೆಯ ವರ್ಗಕ್ಕೆ ಸೇರಿದವನು. ಅವನು ಬರುವುದು ನಿಮ್ಮನ್ನು ನೋಡಲು. ರಸ್ತೆ ಕೆಟ್ಟಿದ್ದರೂ, ಪಕ್ಕದಲ್ಲಿ ಹೊಸ ರೆಸಾರ್ಟು ಬಂದಿದ್ದರೂ ಅವನು ನಿಮ್ಮಲ್ಲಿಗೇ ಬರುತ್ತಾನೆ.

ಇದರ ನಿಜವಾದ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಪ್ರವಾಹ, ಭೂಕುಸಿತಗಳು ಸಂಭವಿಸಿ ಪ್ರವಾಸೋದ್ಯಮ ಸ್ತಬ್ಧವಾಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲೆಡೆ ಬಾಗಿಲು ಮುಚ್ಚಿತು. ಅಂತಹ ದಿನಗಳಲ್ಲಿ ಅಪರಿಚಿತರು ಮುಂಗಡವನ್ನು ಹಿಂದಕ್ಕೆ ಕೇಳಿದರೆ, ಹಳೆಯ ಅತಿಥಿಗಳು ಹಣ ಅಲ್ಲೇ ಇರಲಿ, ಮುಂದೆ ಬಂದಾಗ ನೋಡೋಣ ಎಂದರು ಎಂಬುದು ನಮ್ಮ ಕಚೇರಿಗೆ ಬರುವ ಹೋಮ್‌ಸ್ಟೇ ಮಾಲೀಕರ ಅನುಭವ. ಲೆಕ್ಕದ ಪುಸ್ತಕದಲ್ಲಿ ಆ ಮುಂಗಡ ಹೊಣೆಗಾರಿಕೆಯ ಬದಿಯಲ್ಲಿ ಕುಳಿತಿತ್ತು. ವಾಸ್ತವದಲ್ಲಿ ಅದು ಆ ಮನೆಗಳ ಅತಿ ದೊಡ್ಡ ಆಸ್ತಿಯ ಗುರುತಾಗಿತ್ತು.

ಒಂದು ಸರಳ ಲೆಕ್ಕ

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ‘ಅ’ ಮತ್ತು ‘ಆ’ ಎಂಬ ಎರಡು ಹೋಮ್‌ಸ್ಟೇಗಳಲ್ಲಿ ವರ್ಷಕ್ಕೆ ತಲಾ 600 ಕೊಠಡಿ–ದಿನಗಳು ಭರ್ತಿಯಾಗುತ್ತವೆ. ದರ 3,000 ರೂ. ಎರಡರ ವಹಿವಾಟೂ 18 ಲಕ್ಷ ರೂ. ಬುಕಿಂಗ್ ಜಾಲತಾಣದ ಕಮಿಷನ್ ಶೇ. 15 ಎಂದು ಭಾವಿಸೋಣ.

‘ಅ’ ಮನೆಗೆ 480 ಕೊಠಡಿ–ದಿನಗಳು ಜಾಲತಾಣದ ಮೂಲಕ ಬರುತ್ತವೆ. ಕಮಿಷನ್ 2,16,000 ರೂ. ‘ಆ’ ಮನೆಗೆ ಹಳೆಯ ಅತಿಥಿಗಳು ಮತ್ತು ಅವರು ಹೇಳಿ ಕಳುಹಿಸಿದವರು ಹೆಚ್ಚು. ಜಾಲತಾಣದಿಂದ ಬರುವುದು 240 ಕೊಠಡಿ–ದಿನಗಳು ಮಾತ್ರ. ಕಮಿಷನ್ 1,08,000 ರೂ. ಬೇರೆಲ್ಲಾ ಖರ್ಚು ಒಂದೇ ಎಂದಾದರೆ ‘ಆ’ ಮನೆಯ ಲಾಭ ವರ್ಷಕ್ಕೆ 1,08,000 ರೂ. ಹೆಚ್ಚು. ಅಧಿಕ ಲಾಭ ಪದ್ಧತಿಯಲ್ಲಿ ಮೂರು ವರ್ಷದ ಖರೀದಿ ಎಂದು ಗಣಿಸಿದರೆ, ಸ್ನೇಹದಿಂದ ಹುಟ್ಟಿದ ಕೀರ್ತಿಮೌಲ್ಯ 3,24,000 ರೂ. ಆಯಿತು. ಜಾಲತಾಣಗಳು ಅನಗತ್ಯವೆಂದು ಇದರ ಅರ್ಥವಲ್ಲ. ಹೊಸಬರನ್ನು ಕರೆತರಲು ಅವು ಬೇಕು. ಒಮ್ಮೆ ಬಂದವರನ್ನು ಮತ್ತೆ ಬರಮಾಡಿಕೊಳ್ಳುವುದು ಮನೆಯವರ ಕೆಲಸ.

ಬಿಲ್ಲು ಕೊಡುವ ಸಂಕೋಚ

ಇನ್ನು ಮುಖ್ಯ ಸಮಸ್ಯೆಗೆ ಬರೋಣ. ಅತಿಥಿ ಸ್ನೇಹಿತನಾದ ಮೇಲೆ ಅವನಿಂದ ಹಣ ಪಡೆಯುವುದು ಹೇಗೆ? ಬಹುಪಾಲು ಮಾಲೀಕರನ್ನು ಕಾಡುವ ಪ್ರಶ್ನೆಯಿದು. ಒಬ್ಬ ಮಾಲೀಕರು ವರ್ಷಾಂತ್ಯದ ಲೆಕ್ಕ ತಂದಾಗ, “ಏಳು ವರ್ಷದಿಂದ ಬರ್ತಾ ಇದ್ದಾರೆ ಸಾರ್, ನಮ್ಮ ಮನೆಯವರೇ ಆಗಿಬಿಟ್ಟಿದ್ದಾರೆ. ಅವರ ಹತ್ತಿರ ಹೇಗೆ ದುಡ್ಡು ಕೇಳಲಿ?” ಎಂದರು. ಎರಡು ಬಾರಿ ಅವರು ಹಣವನ್ನು ನಿರಾಕರಿಸಿದ್ದರು. ಮೂರನೆಯ ವರ್ಷ ಆ ಕುಟುಂಬ ಬರಲೇ ಇಲ್ಲ. ಕಾರಣ ವಿಚಾರಿಸಿದಾಗ ತಿಳಿದದ್ದು ಇಷ್ಟೇ. ಪುಕ್ಕಟೆಯಾಗಿ ಉಳಿಯಲು ಅವರಿಗೆ ನಾಚಿಕೆ. ಹಣ ಕೊಡುತ್ತೇವೆಂದರೆ ಇವರು ನೊಂದುಕೊಳ್ಳುತ್ತಾರೆಂಬ ಭಯ. ಎರಡೂ ಬೇಡವೆಂದು ಆ ವರ್ಷ ಬೇರೆ ಊರಿಗೆ ಹೋಗಿದ್ದರು.

ಇದರಲ್ಲಿ ದೊಡ್ಡ ಪಾಠವಿದೆ. ಬಿಲ್ಲು ಸ್ನೇಹಕ್ಕೆ ಅಡ್ಡಿಯಲ್ಲ. ಹಣ ಕೊಟ್ಟು ಉಳಿಯುವ ಅತಿಥಿಗೆ ಬೇಕೆಂದಾಗ ಬರುವ, ನಾಲ್ಕು ದಿನ ಹೆಚ್ಚು ಉಳಿಯುವ, ಇನ್ನೊಂದು ಕಂಬಳಿ ಕೇಳುವ ಸ್ವಾತಂತ್ರ್ಯವಿರುತ್ತದೆ. ಹಣ ಕೊಡದವನು ಪ್ರತಿಯೊಂದಕ್ಕೂ ಹಿಂಜರಿಯುತ್ತಾನೆ. ತೀರಿಸಲಾಗದ ಋಣದ ಕೆಳಗೆ ಸ್ನೇಹ ಬಹುಕಾಲ ಬಾಳದು.

ಹಾಗೆಂದು ಎಲ್ಲಕ್ಕೂ ಬಿಲ್ಲು ಬರೆಯುವುದೂ ಸರಿಯಲ್ಲ. ಒಂದು ಸುಲಭ ಸೂತ್ರವನ್ನು ಅನುಸರಿಸಬಹುದು: ಕರೆದವರು ಯಾರು? ಮದುವೆ, ಹಬ್ಬ, ಗೃಹಪ್ರವೇಶಕ್ಕೆ ನೀವು ಕರೆದು ಅವರು ಬಂದರೆ ಅವರು ನಿಮ್ಮ ಮನೆಯ ಅತಿಥಿಗಳು, ಬಿಲ್ಲಿನ ಮಾತೇ ಇಲ್ಲ. ರಜೆಗೆಂದು ಅವರಾಗಿ ದಿನ ಗೊತ್ತುಮಾಡಿ ಬಂದರೆ ಅವರು ಗ್ರಾಹಕರು, ಬಿಲ್ಲು ಆಗಲೇಬೇಕು. ಹಳೆಯ ಅತಿಥಿಗಳಿಗೆ ರಿಯಾಯಿತಿ ಕೊಡುವುದಿದ್ದರೆ ಎಲ್ಲರಿಗೂ ಒಂದೇ ನಿಯಮವಿರಲಿ, ಅದು ದರಪಟ್ಟಿಯಲ್ಲೇ ಅಚ್ಚಾಗಿರಲಿ. ಆಗ ಕೇಳುವ ಸಂಕೋಚ ಅವರಿಗಿಲ್ಲ, ಹೇಳುವ ಸಂಕೋಚ ನಿಮಗಿಲ್ಲ.

ಕಾನೂನಿನ ಎಚ್ಚರಗಳು

ಸ್ನೇಹದ ಹೆಸರಿನಲ್ಲಿ ಮರೆಯಬಾರದ ಕೆಲವು ಅಂಶಗಳು ಇಲ್ಲಿವೆ.

1. ಸರಕು ಮತ್ತು ಸೇವಾ ತೆರಿಗೆ: ದಿನಕ್ಕೆ 7,500 ರೂ.ವರೆಗಿನ ವಸತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಶೇ. 5, ಇದಕ್ಕೆ ಹೂಡುವಳಿ ತೆರಿಗೆ ಜಮೆ ಇಲ್ಲ. ಸೇವೆ ಒದಗಿಸುವವರ ನೋಂದಣಿಯ ಮಿತಿ ಸಾಮಾನ್ಯವಾಗಿ ವಾರ್ಷಿಕ 20 ಲಕ್ಷ ರೂ. ವಹಿವಾಟು. ನೋಂದಣಿ ಅಗತ್ಯವಿಲ್ಲದ ಮಾಲೀಕರ ಕೊಠಡಿ ಜಾಲತಾಣದ ಮೂಲಕ ಬುಕ್ ಆದರೆ ತೆರಿಗೆ ಕಟ್ಟುವ ಹೊಣೆ ಜಾಲತಾಣದ್ದು. ಹಳೆಯ ಅತಿಥಿ ನೇರವಾಗಿ ಬಂದಾಗ ಈ ವ್ಯವಸ್ಥೆ ಅನ್ವಯಿಸದು. ನೋಂದಾಯಿತ ಮಾಲೀಕರು ತಾವೇ ತೆರಿಗೆ ವಿಧಿಸಿ ಕಟ್ಟಬೇಕು.

2. ಪುಕ್ಕಟೆ ವಾಸ ಮತ್ತು ವಸ್ತು ವಿನಿಮಯ: ಏನನ್ನೂ ಪಡೆಯದೆ ಸ್ನೇಹಿತನನ್ನು ಉಳಿಸಿಕೊಂಡರೆ ಅದಕ್ಕೆ ಜಿಎಸ್‌ಟಿಯೂ ಇಲ್ಲ, ಅದು ಆದಾಯವೂ ಅಲ್ಲ. ಆದರೆ ವಾಸಕ್ಕೆ ಬದಲಾಗಿ ಅತಿಥಿ ಒಂದು ಕ್ಯಾಮೆರಾ ಕೊಟ್ಟರೆ, ಅಥವಾ ಬಿಲ್ಲಿನ ಮೊತ್ತವನ್ನೇ ಲಕೋಟೆಯಲ್ಲಿಟ್ಟು ಉಡುಗೊರೆ ಎಂದರೆ, ಅದು ಪ್ರತಿಫಲವೇ. ಹೆಸರು ಬದಲಿಸಿದ ಮಾತ್ರಕ್ಕೆ ಸ್ವರೂಪ ಬದಲಾಗದು.

3. ನಿಜವಾದ ಉಡುಗೊರೆ: ಆದಾಯ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ಸ್ನೇಹಿತನು ಸಂಬಂಧಿಕನಲ್ಲ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಬಂದ ಹಣದ ಉಡುಗೊರೆಗಳು ಒಟ್ಟು 50,000 ರೂ. ಮೀರಿದರೆ, ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ ಬರುತ್ತದೆ. ಮದುವೆಯ ಉಡುಗೊರೆಗೆ ವಿನಾಯಿತಿಯಿದೆ, ಆದರೆ ಅದು ಮದುವೆಯಾಗುವವರಿಗೆ ಮಾತ್ರ. ಮಗಳ ಮದುವೆಗೆಂದು ಅತಿಥಿ ತಂದೆಯ ಖಾತೆಗೆ ಹಣ ಕಳುಹಿಸಿದರೆ ಈ ವಿನಾಯಿತಿ ದೊರೆಯದು.

4. ಕೈಗಡ: ಸ್ನೇಹ ಗಾಢವಾದಂತೆ ಸಾಲದ ಮಾತೂ ಬರಬಹುದು. 20,000 ರೂ. ಅಥವಾ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಬ್ಯಾಂಕಿನ ಮೂಲಕವೇ ವ್ಯವಹರಿಸಿ, ಒಂದು ಕಾಗದದಲ್ಲಿ ಷರತ್ತು ಬರೆದಿಡುವುದು ಇಬ್ಬರಿಗೂ ಕ್ಷೇಮ.

5. ವಿದೇಶಿ ಅತಿಥಿಗಳು: ವಿದೇಶಿಯರು ಬಂದು ಇಳಿದ 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸಬೇಕು. ‘ಸಿ ಫಾರಂ’ ಎಂದು ರೂಢಿಯಲ್ಲಿದ್ದ ಈ ಕರ್ತವ್ಯ, 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಮುಂದುವರಿದಿದೆ. ಹತ್ತನೆಯ ಬಾರಿ ಬಂದ ಸ್ನೇಹಿತ, ಹಣ ಪಡೆದಿಲ್ಲ ಎಂಬುದು ವಿನಾಯಿತಿಗೆ ಕಾರಣವಾಗದು.

6. ವಿದೇಶಿ ದೇಣಿಗೆ: ಊರಿನ ಶಾಲೆಗೆ ಸಹಾಯ ಮಾಡಬೇಕೆಂದು ಬಯಸುವ ವಿದೇಶಿ ಅತಿಥಿಗಳುಂಟು. ಉದ್ದೇಶ ಒಳ್ಳೆಯದಾದರೂ ಆ ಹಣವನ್ನು ಆತಿಥೇಯರು ತಮ್ಮ ಖಾತೆಗೆ ತರಿಸಿಕೊಂಡು ಹಂಚಬಾರದು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆಗೇ ಅದು ಹೋಗಬೇಕು.

ಮುಂದಿನ ಪೀಳಿಗೆಗೆ ದಾಟಿಸುವುದು

ನಾಯಿ ಯಜಮಾನನನ್ನು ಹಿಂಬಾಲಿಸುತ್ತದೆ ಎಂದೆವಷ್ಟೆ. ಯಜಮಾನರಿಗೆ ವಯಸ್ಸಾಗಿ ಮಗನೋ ಸೊಸೆಯೋ ಹೋಮ್‌ಸ್ಟೇ ವಹಿಸಿಕೊಂಡಾಗ ಹಳೆಯ ಅತಿಥಿಗಳು ಕಳಚಿಹೋಗುವ ಅಪಾಯವಿದೆ. ಆಸ್ತಿಯನ್ನು ವಿಭಾಗಪತ್ರ ಅಥವಾ ಉಯಿಲಿನ ಮೂಲಕ ದಾಟಿಸಬಹುದು. ಸ್ನೇಹಕ್ಕೆ ನೋಂದಣಿ ಕಚೇರಿಯಿಲ್ಲ. ಅದನ್ನು ಜೀವಿತ ಕಾಲದಲ್ಲೇ, ನಿಧಾನವಾಗಿ ದಾಟಿಸಬೇಕು.

ಅತಿಥಿಗಳ ಒಂದು ಪುಸ್ತಕವಿಡುವುದು ಮೊದಲ ಹೆಜ್ಜೆ. ಹೆಸರು, ಬಂದ ದಿನಾಂಕದ ಜೊತೆಗೆ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗು ಖಾರ ತಿನ್ನದು, ಯಾರಿಗೆ ಕೆಳಗಿನ ಕೊಠಡಿಯೇ ಬೇಕು ಎಂಬ ವಿವರಗಳಿರಲಿ. ಯಜಮಾನಿಯ ನೆನಪಿನಲ್ಲಿ ಮಾತ್ರ ಇರುವ ಈ ಸಂಗತಿಗಳೇ ಆ ಮನೆಯ ಕೀರ್ತಿಮೌಲ್ಯ. ಆ ಪುಸ್ತಕ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವುದೂ ಸ್ನೇಹದ ಭಾಗವೇ. ಎರಡನೆಯದಾಗಿ, ಹಳೆಯ ಅತಿಥಿಗಳನ್ನು ತೋಟಕ್ಕೆ ಕರೆದೊಯ್ಯುವ ಕೆಲಸವನ್ನು ಮಕ್ಕಳಿಗೆ ವಹಿಸಬೇಕು. ಮೂರನೆಯದಾಗಿ, ಹಬ್ಬದ ಫೋನ್ ಕರೆಯಲ್ಲಿ ಅವರೂ ಮಾತನಾಡಬೇಕು. ಅತಿಥಿಯ ಮಕ್ಕಳೂ ಬೆಳೆಯುತ್ತಿರುತ್ತಾರೆ. ಎರಡೂ ಮನೆಗಳ ಮಕ್ಕಳ ನಡುವೆ ಪರಿಚಯ ಬೆಳೆದರೆ ಸಂಬಂಧ ಇನ್ನೊಂದು ತಲೆಮಾರಿಗೆ ಉಳಿಯುತ್ತದೆ.

ಇತರ ವ್ಯಾಪಾರಿಗಳಿಗೆ

ಈ ಲೇಖನ ಹೋಮ್‌ಸ್ಟೇ ಕುರಿತದ್ದಾದರೂ ಇದರ ತತ್ವ ನಮ್ಮ ಸದಸ್ಯರೆಲ್ಲರಿಗೂ ಅನ್ವಯಿಸುತ್ತದೆ. ಮೂರು ತಲೆಮಾರಿನಿಂದ ಒಂದೇ ಮನೆತನಕ್ಕೆ ಮದುವೆ ಜವಳಿ ಕೊಡುತ್ತಿರುವ ಅಂಗಡಿಯವರು, ಒಂದೇ ಕಾರ್ಖಾನೆಗೆ ಬಿಡಿಭಾಗ ತಯಾರಿಸಿ ಕೊಡುವ ಸಣ್ಣ ಉದ್ಯಮಿಗಳು, ಊರ ರೈತರನ್ನು ಹೆಸರು ಹಿಡಿದು ಕರೆಯುವ ಮಂಡಿ ವರ್ತಕರು, ಇವರೆಲ್ಲರ ವ್ಯವಹಾರವೂ ಇಂತಹ ಸ್ನೇಹದ ಮೇಲೆಯೇ ನಿಂತಿದೆ. ಅವರಲ್ಲಿಯೂ ಬಿಲ್ಲು ಕೇಳುವ ಸಂಕೋಚವುಂಟು, ಬಾಕಿ ಬೆಳೆದು ಸ್ನೇಹ ಮುರಿದ ಉದಾಹರಣೆಗಳುಂಟು. ಸಕಾಲದಲ್ಲಿ ಬಿಲ್ಲು ಕೊಟ್ಟು, ಸಕಾಲದಲ್ಲಿ ಹಣ ಪಡೆದವರಲ್ಲಿ ಹಳೆಯ ಗಿರಾಕಿಗಳು ಉಳಿದಿರುವುದನ್ನು ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಕೊನೆಯದಾಗಿ ಒಂದು ಸಲಹೆ. ಪ್ರತಿ ವರ್ಷ ಮಾರ್ಚ್ 31ರಂದು ದಾಸ್ತಾನು ಎಣಿಸುವಾಗ ಇನ್ನೊಂದು ಹಾಳೆಯನ್ನೂ ತೆಗೆದುಕೊಳ್ಳಿ. ಈ ವರ್ಷ ಬಂದವರಲ್ಲಿ ಹಿಂದೆಯೂ ಬಂದಿದ್ದವರು ಎಷ್ಟು, ಅವರು ಹೇಳಿ ಕಳುಹಿಸಿದ ಹೊಸಬರು ಎಷ್ಟು, ಕಳೆದ ವರ್ಷ ಬಂದು ಈ ವರ್ಷ ಬಾರದವರು ಯಾರು ಎಂದು ಬರೆಯಿರಿ. ಆ ಹಾಳೆಯನ್ನು ನಿಮ್ಮ ಲೆಕ್ಕಪರಿಶೋಧಕರು ಕೇಳುವುದಿಲ್ಲ, ತೆರಿಗೆ ಅಧಿಕಾರಿಯೂ ಕೇಳುವುದಿಲ್ಲ. ಬಾರದವರ ಹೆಸರು ಕಂಡಲ್ಲಿ ಅವರಿಗೆ ಒಮ್ಮೆ ಫೋನ್ ಮಾಡಿ, ಮನೆಯವರೆಲ್ಲಾ ಕ್ಷೇಮವೇ ಎಂದು ವಿಚಾರಿಸಿ. ಹೊಸ ವರ್ಷದ ಲೆಕ್ಕವನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ಕ್ರಮ ನನಗೆ ತಿಳಿದಿಲ್ಲ.